ಹಗ್ಗ ಅಳಿಸಿದ ಮಳೆಗಾಲ

ಕಳೆದ ವಾರ ಮುಂಬಯಿಯ ಭಾಂಡುಪ್ ಕಡೆಯ ಒಂದು ಯಾರ್ಡಿಗೆ ಹೋಗಿದ್ದೆ. ಮಳೆನೀರಲ್ಲಿ ಮುಳುಗಿದ ಕಾರುಗಳನ್ನು ಎಳೆದು ತಂದು ಸಾಲಾಗಿ ನಿಲ್ಲಿಸುವ ಜಾಗ ಅದು. ನಾನು ಮೋಟಾರು ವಿಮೆಯ ಸರ್ವೇಯರ್. ಕೆಟ್ಟ ಗಾಡಿ ನೋಡಿ, ಯಾಕೆ ಕೆಟ್ಟಿತು, ಎಷ್ಟು ಕೆಟ್ಟಿತು ಎಂದು ವಿಮಾ ಕಂಪನಿಗೆ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಒಂದು ಗಾಡಿಯ ಬಾಗಿಲು ತೆಗೆದದ್ದೇ ಆ ವಾಸನೆ ಮುಖಕ್ಕೆ ಬಡಿಯಿತು. ನೆನೆದು ಕೊಳೆತ ಸೀಟು, ಗಟಾರದ ಕೆಸರು, ಡೀಸೆಲ್ಲು ಎಲ್ಲ ಸೇರಿ ಹುಳಿ ಹಿಡಿದ ವಾಸನೆ. ವರ್ಷಗಟ್ಟಲೆ ಮೂಸಿದ್ದೇನೆ, ಮೂಗಿಗೆ ಅದೇನೂ ಹೊಸದಲ್ಲ. ಆದರೆ ಈಗೀಗ ಅದು ಬಂದ ಕೂಡಲೇ ಒಂದೇ ಒಂದು ಮಳೆಗಾಲ ನೆನಪಾಗುತ್ತದೆ, ಅದರ ಬೆನ್ನಿಗೇ ಸಿಟ್ಟು. ಸಿಟ್ಟು ಆರಿದೆ ಅಂದುಕೊಂಡಿದ್ದೆ. ಆರಿಲ್ಲ.

ಆ ವರ್ಷ ಜೂನ್ ಮೊದಲಲ್ಲಿ, ವಿಕ್ರೋಳಿಯ ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಪಿಕಪ್ ಟ್ರಕ್ಕು ಬಂದು ನಿಂತಿತು. ಮುಂದೆ ಐದು ಜನ ಕೂರುವ ಕ್ಯಾಬಿನ್ನು, ಹಿಂದೆ ಸಾಮಾನು ಹೇರುವ ತೊಟ್ಟಿ, ತಲೆಯ ಮೇಲೆ ದೀಪಗಳ ಸಾಲು, ಎದೆ ಮಟ್ಟದ ಬಾನೆಟ್ಟು. ವಾಚ್‌ಮನ್ ಎರಡು ಸ್ಕೂಟರುಗಳನ್ನು ಎತ್ತಿಟ್ಟು ಅದಕ್ಕೆ ಜಾಗ ಮಾಡಿಕೊಟ್ಟ. ತಂದವನು ನನ್ನ ತಮ್ಮ ಪ್ರಮೋದ.

ಅಪ್ಪ ಮಂಡ್ಯದ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ದುಡಿದು ಕೊಂಡ ಎರಡು ಕೋಣೆಯ ಮನೆ ನಮ್ಮದು. ಅಪ್ಪ, ಅಮ್ಮ ಹೋದ ಮೇಲೆ ಅದರಲ್ಲಿ ಉಳಿದವರು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಅವನಿಗೂ ಆಗಿರಲಿಲ್ಲ. ಪವಾಯಿಯ ಐಟಿ ಆಫೀಸಿನ ಕೆಲಸ ಬಿಟ್ಟು, ಊರೂರು ತಿರುಗುವ ವಿಡಿಯೋ ಮಾಡಿ ಹಾಕುತ್ತಿದ್ದ. ಗಾಡಿಯಲ್ಲೇ ಮಲಗಿ, ಗಾಡಿಯ ಹಿಂದೆಯೇ ಅಡುಗೆ ಮಾಡಿಕೊಂಡು, ರಸ್ತೆ ಇಲ್ಲದ ಕಡೆ ದೂರ ದೂರ ಹೋಗುವ ಹವ್ಯಾಸಕ್ಕೆ ಓವರ್‌ಲ್ಯಾಂಡಿಂಗ್ ಅಂತ ಹೆಸರು. ಆ ಹುಚ್ಚಿನವರೆಲ್ಲ ಅವನ ವಿಡಿಯೋ ನೋಡುತ್ತಿದ್ದರು. ಹಾಗಾಗಿ ಗಾಡಿ ಕಂಪನಿಯೊಂದು ತನ್ನ ಹೊಸ ಟ್ರಕ್ಕನ್ನು ಮಳೆಗಾಲ ಪೂರ್ತಿ ಅವನಿಗೆ ಕೊಟ್ಟು, ಕಂತು ಕಂತಾಗಿ ವಿಡಿಯೋ ಮಾಡಲು ಒಪ್ಪಂದ ಮಾಡಿಕೊಂಡಿತ್ತು. ಖರ್ಚೆಲ್ಲ ಅವರದು. ಹಿಂದಿಯಲ್ಲಿ ಒಂದು, ಅದೇ ಮತ್ತೆ ಅವನದೇ ದನಿಯಲ್ಲಿ ಕನ್ನಡದಲ್ಲಿ ಒಂದು.

ಅವನ ಕನ್ನಡ ಮುಂಬಯಿಯಲ್ಲಿ ಹುಟ್ಟಿ ಬೆಳೆದ ಹುಡುಗರದು. ಅರ್ಥವೆಲ್ಲ ಆಗುತ್ತದೆ, ಆಡುವಾಗ ಎಡವುತ್ತಾನೆ. ಮೊದಲ ಕಂತಿನ ಮಾತು ಬರೆದುಕೊಡಲು ನನ್ನನ್ನು ಕೂರಿಸಿಕೊಂಡ.

"ಅಕ್ಕಾ, ಟೆರೇನ್ ಅನ್ನೋದಕ್ಕೆ ಏನು?"

"ನೆಲ."

"ನೆಲ? ಬಸ್ ಇತನಾಹೀ? ಸ್ವಲ್ಪ ದಮ್ ಇರೋ ವರ್ಡ್ ಕೊಡು."

"ನೆಲಕ್ಕೆ ನೆಲ ಅಂತಾರೆ ಪ್ರಮೋದ. ದಮ್ ಬೇಕಿದ್ರೆ ನಿನ್ನ ಗಾಡೀಲಿ ಇರಲಿ."

ಆಗ ಇನ್ನೂ ನಗುತ್ತಿದ್ದೆವು. ಆ ಮನೆಯಲ್ಲಿ ಕೊನೆಯ ಸಲ ಒಟ್ಟಿಗೆ ನಕ್ಕದ್ದು ಬಹುಶಃ ಆವತ್ತೇ.

ಜುಲೈನಲ್ಲಿ ಅವನು, ಕ್ಯಾಮೆರಾ ತಂಡದವರು ಠಾಣೆ ಊರಿನ ಆಚೆ ಒಂದು ಕೈಬಿಟ್ಟ ಕಲ್ಲುಗಣಿಯಲ್ಲಿ ನೀರು ದಾಟುವ ಕಂತು ತೆಗೆದರು. ಎರಡು ದಿನ ಬಿಟ್ಟು ಅವನು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ವಿಡಿಯೋ ಜೋಡಿಸುತ್ತಾ ಕೂತಿದ್ದ. ಕಾಫಿ ಕೊಡಲು ಹೋದವಳು ಪರದೆ ನೋಡಿದೆ. ಟ್ರಕ್ಕು ನೀರಿನ ನಡುವೆ ನಿಂತುಬಿಟ್ಟಿದೆ. ಕಿಟಕಿಯಿಂದ ಇವನು ಕೈ ಬೀಸಿ ಯಾರನ್ನೋ ಕರೆಯುತ್ತಿದ್ದಾನೆ. ಆಚೆ ದಡದಲ್ಲಿ ಒಂದು ಜೆಸಿಬಿ. ಅದರಿಂದ ಟ್ರಕ್ಕಿನ ಮೂತಿಗೆ ಉಕ್ಕಿನ ಹಗ್ಗ ಕಟ್ಟಿ ಎಳೆಯುತ್ತಿದ್ದಾರೆ. ಪಕ್ಕದ ಇನ್ನೊಂದು ಚೌಕದಲ್ಲಿ ಅದೇ ಟ್ರಕ್ಕು, ಅದೇ ನೀರು. ಜೆಸಿಬಿ ಇಲ್ಲ. ಹಗ್ಗ ಅರ್ಧ ಇದೆ, ಅರ್ಧ ಇಲ್ಲ. ಇವನು ಕೂತು ಅದನ್ನು ಚೂರು ಚೂರೇ ಒರೆಸಿ ಹಾಕುತ್ತಿದ್ದ.

"ಏನೋ ಇದು?"

"ಕ್ಲೀನ್‌ಅಪ್ ಅಕ್ಕ."

"ಗಾಡಿ ನಿಂತುಹೋಗಿದೆಯಲ್ಲೋ. ಎಳೆದು ತಂದಿದ್ದಾರೆ. ಹಗ್ಗ ಅಳಿಸ್ತಿದ್ದೀಯಾ?"

"ಎಲ್ಲರೂ ಮಾಡ್ತಾರೆ. ಸಿನಿಮಾದಲ್ಲಿ ಹೀರೋ ಹಾರುವಾಗ ಹಗ್ಗ ಕಾಣತ್ತಾ?"

"ಸಿನಿಮಾ ನೋಡಿ ಯಾರೂ ಬಿಲ್ಡಿಂಗಿಂದ ಹಾರಲ್ಲ. ಇದನ್ನ ನೋಡಿ ನೀರಿಗೆ ಇಳೀತಾರೆ. ಇಳಿದವರ ಗಾಡಿಗಳನ್ನೇ ನಾನು ದಿನಾ ನೋಡೋದು."

"ಕೆಳಗೆ ಲೈನ್ ಬರತ್ತೆ. ತಜ್ಞರ ನಿಗಾದಲ್ಲಿ ಮಾಡಿದ್ದು ಅಂತ."

"ಆ ಇರುವೆ ಸಾಲು ಯಾರು ಓದ್ತಾರೆ?"

ಅವನು ಕಾಫಿ ಲೋಟ ಆಚೆ ಸರಿಸಿದ. "ನಿನ್ನ ಪ್ರಾಬ್ಲಂ ಏನು ಗೊತ್ತಾ? ಬೆಳಗಾದ್ರೆ ಸತ್ತ ಗಾಡಿ ನೋಡ್ತೀಯ. ಓಡೋ ಗಾಡಿ ಕಂಡ್ರೆ ನಿನಗೆ ತಡ್ಕೊಳಕ್ಕಾಗಲ್ಲ. ಓಡೋ ಮನುಷ್ಯ ಕಂಡ್ರೂ ಅಷ್ಟೇ."

ಇನ್ನು ನಿನ್ನ ಯಾವ ಕಂತಿಗೂ ನಾನು ಒಂದು ಅಕ್ಷರ ಬರೆದುಕೊಡುವುದಿಲ್ಲ ಎಂದೆ. ಬೇಡವೇ ಬೇಡ, ನನ್ನ ಕನ್ನಡ ನನಗೆ ಬರುತ್ತೆ ಎಂದ. ಅಂದಿನಿಂದ ಒಂದೇ ಒಲೆಯಲ್ಲಿ ಎರಡು ಅಡುಗೆ. ಹೊರಗೆ ಬಿಡದ ಮಳೆ, ಒಳಗೆ ಒಣಗದ ಬಟ್ಟೆ. ನಡುಮನೆಯಲ್ಲಿ ಕಟ್ಟಿದ ಹಗ್ಗದ ಮೇಲೆ ಅವನ ಜೀನ್ಸು, ನನ್ನ ಸಲ್ವಾರು ಪಕ್ಕ ಪಕ್ಕ ತೊಟ್ಟಿಕ್ಕುತ್ತಿದ್ದವು, ಅವುಗಳ ನಡುವೆ ತಲೆ ತಗ್ಗಿಸಿ ನಾವು ಮಾತಿಲ್ಲದೆ ಓಡಾಡುತ್ತಿದ್ದೆವು.

ಕಂತು ಬಂತು. ನೋಡಬಾರದು ಅಂದುಕೊಂಡು ನೋಡಿದೆ. ಟ್ರಕ್ಕು ನೀರನ್ನು ಸೀಳಿಕೊಂಡು ದಡ ಹತ್ತಿತು. ಎಲ್ಲೋ ಒಣ ನೆಲದಲ್ಲಿ ಹಿಡಿದ ಎಂಜಿನ್ನಿನ ಗರ್ಜನೆ ಅದಕ್ಕೆ ಅಂಟಿಸಿದ್ದರು. ಕೊನೆಗೆ ನನ್ನ ತಮ್ಮ ಕ್ಯಾಮೆರಾ ನೋಡಿ, ತನ್ನದೇ ಕನ್ನಡದಲ್ಲಿ ಹೇಳಿದ: "ನೀರು ಬಾನೆಟ್ಟಿಗೆ ಬಂದ್ರೂ ಆಕ್ಸಿಲರೇಟರ್ ಮೇಲಿಂದ ಕಾಲು ಎತ್ತಬೇಡಿ. ಗಾಡಿ ಮೇಲೆ ನಂಬಿಕೆ ಇಡಿ."

ಜುಲೈ ಕೊನೆಗೆ ಮುಂಬಯಿ ಮುಳುಗುವ ಮಳೆ ಬಂತು. ಲೋಕಲ್ ನಿಂತಿತು, ಜನ ಹಳಿಯ ಮೇಲೆ ನಡೆದು ಮನೆ ಸೇರಿದರು. ಆಮೇಲಿನ ವಾರವೆಲ್ಲ ನಾನು ಯಾರ್ಡುಗಳಲ್ಲೇ ಇದ್ದೆ. ಹಾಗೆ ಒಂದು ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ ಕಂಡಿತು, ಅದೇ ಕಂಪನಿಯ ಅದೇ ಮಾದರಿಯ ಟ್ರಕ್ಕು. ಸೀಟಿನ ಮೇಲೆ ಕೆಸರಿನ ಗೆರೆ. ಪಕ್ಕದಲ್ಲಿ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಐವತ್ತರ ಆಸುಪಾಸಿನ ಗಟ್ಟಿ ಮನುಷ್ಯ. ಹೆಸರು ನಿಂಗಪ್ಪ. ವಿಜಾಪುರ ಕಡೆಯವರು. ಹುಡುಗರಾಗಿದ್ದಾಗ ಮಣ್ಣು ಹೊರಲು ಬಂದು, ಈಗ ಕಟ್ಟಡಗಳ ಸ್ಲ್ಯಾಬಿಗೆ ಹಲಗೆ ಕಟ್ಟಿ ಸೆಂಟ್ರಿಂಗ್ ಹೊಡೆಸುವ ಕಾಂಟ್ರಾಕ್ಟರ್. ನನ್ನ ಕೈಯ ಕಾಗದದಲ್ಲಿದ್ದ ನನ್ನ ಹೆಸರು ಓದಿ ದನಿ ಎತ್ತಿದರು.

"ಕನ್ನಡದವರೇನ್ರಿ? ಚೊಲೋ ಆತು. ಬರ್ಕೋರಿ ಮೇಡಂ, ಈ ಗಾಡಿನ ಖೊಟ್ಟಿ ಅದ ಅಂತ ಬರ್ಕೋರಿ."

ಎಲ್ಲರನ್ನೂ ಕೇಳುವುದನ್ನೇ ಕೇಳಿದೆ. ಎಲ್ಲಿ ನಿಂತಿತು, ನಿಂತ ಮೇಲೆ ಮತ್ತೆ ಸ್ಟಾರ್ಟ್ ಮಾಡಿದಿರಾ?

"ರೈಲ್ವೆ ಸಬ್‌ವೇದಾಗ ನಿಂತ್ತರಿ. ಮತ್ತ ಸ್ಟಾರ್ಟ್ ಮಾಡಿದೆ. ಮಾಡ್ದ ಏನ್ ಮಾಡ್ಲಿ? ವಿಡಿಯೋದಾಗ ಹೇಳ್ಯಾರಲ್ರಿ, ಕಾಲ್ ಎತ್ತಬ್ಯಾಡ್ರಿ, ನಂಬಿಕಿ ಇಡ್ರಿ ಅಂತ. ಆ ಹುಡುಗ ಇದಕ್ಕಿಂತ ಹೆಚ್ಚಿನ ನೀರಾಗ ಹೊಂಟಾನ. ನೋಡ್ರಿ ಬೇಕಾರ." ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದರು. ನನ್ನ ತಮ್ಮ ನಗುತ್ತಿದ್ದ. "ನನ್ನ ಹೆಂಡ್ತಿನೂ ಒಳಗಿದ್ಳ್ರಿ. ಬಾಗಲಾ ತೆರೀಲಿಲ್ಲ. ಮುನಸಿಪಾಲ್ಟಿ ಮಂದಿ ಕಿಟಕಿ ಒಡದು ಹೊರಗ ಎಳದ್ರು. ಇಲ್ಲಂದ್ರ ಇಬ್ಬರೂ ಅಲ್ಲೇ ಹೋಗ್ತಿದ್ವಿ."

"ಈ ಕೇಸು ನಾನು ಮಾಡೋ ಹಾಗಿಲ್ಲ," ಅಂದೆ. "ಬೇರೆ ಸರ್ವೇಯರ್ ಬರ್ತಾರೆ."

"ಯಾಕ್ರಿ?"

"ಆ ವಿಡಿಯೋದಲ್ಲಿರೋನು ನನ್ನ ತಮ್ಮ."

ನಿಂಗಪ್ಪ ಫೋನನ್ನೂ ನನ್ನನ್ನೂ ನೋಡಿದರು. ಹೇಳುವುದೋ ಬಿಡುವುದೋ ಎಂದು ನಾನು ಯೋಚಿಸಲೂ ಇಲ್ಲ. "ಅವನ ಗಾಡೀನೂ ನಿಂತುಹೋಗಿತ್ತು. ಜೆಸಿಬಿ ಎಳೆದು ತಂದದ್ದು. ವಿಡಿಯೋದಲ್ಲಿ ಹಗ್ಗ ಅಳಿಸಿದ್ದಾರೆ," ಅಂದೆ.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತರು. ಆಮೇಲೆ ಕೇಳಿದ್ದು ಒಂದೇ. "ಮನಿ ಎಲ್ಲಿ ಅದರಿ ನಿಮ್ದು?"

ಭಾನುವಾರ ಬೆಳಿಗ್ಗೆ ಬಂದರು, ಹೆಂಡತಿಯನ್ನೂ ಕರೆದುಕೊಂಡು. ಗೌರವ್ವ ಎಂದು ಹೆಸರು. ಪಾರ್ಕ್‌ಸೈಟ್ ಗುಡ್ಡದ ಮೇಲೆ ಕೂಲಿಯವರಿಗೆ ಜೋಳದ ರೊಟ್ಟಿ ಮಾಡಿ ಹಾಕುವ ಖಾನಾವಳಿ ನಡೆಸುತ್ತಿದ್ದರು. ತೆಳ್ಳಗಿನ, ಕಡುಗಪ್ಪು ಹೆಂಗಸು. ಸೋಫಾದ ಅಂಚಿನಲ್ಲಿ ಕೂತು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬಂದಾಗಿನಿಂದ ಹೋಗುವವರೆಗೆ ಒಂದು ಮಾತೂ ಆಡಲಿಲ್ಲ. ಆಡಿದ್ದೆಲ್ಲ ನಿಂಗಪ್ಪ. ಪಕ್ಕದ ಮನೆಯವರು ಬಾಗಿಲು ತೆಗೆದು ನೋಡುವಷ್ಟು ಕೂಗಾಡಿದರು.

"ನಿಮ್ಮನ್ನ ನಂಬಿ ಗಾಡಿ ತಗೊಂಡೆ! ನಿಮ್ಮ ಮಾತ್ ನಂಬಿ ನೀರಿಗೆ ಇಳಿದೆ! ಹಗ್ಗ ಕಟ್ಟಿ ಎಳಸ್ಕೊಂಡ್ ಬಂದವ ನನಗ ಕಾಲ್ ಎತ್ತಬ್ಯಾಡ ಅಂತ ಹೇಳ್ತೀಯಾ? ಮತ್ತೊಂದ್ ವಿಡಿಯೋ ಮಾಡು. ಹಗ್ಗ ಇತ್ತು ಅಂತ ಹೇಳು. ನನಗ ರೊಕ್ಕ ಬ್ಯಾಡ."

ಪ್ರಮೋದನ ಮುಖ ಬಿಳಿಚಿಕೊಂಡಿತ್ತು. ಒಂದು ಗಳಿಗೆ ಅವನು ನಿಜಕ್ಕೂ ಹೆದರಿದ್ದ, ನಾನು ನೋಡಿದೆ. ಅಲ್ಲಿಗೇ ನಿಂತಿದ್ದರೆ ಎಲ್ಲ ಸರಿಹೋಗುತ್ತಿತ್ತೋ ಏನೋ. ಆದರೆ ಅವನು ಫೋನು ಎತ್ತಿಕೊಂಡು ಒಳಗೆ ಹೋದ. ಜಾಹೀರಾತು ಏಜೆನ್ಸಿಯಲ್ಲಿ ಈ ವಿಡಿಯೋಗಳ ಉಸ್ತುವಾರಿ ನೋಡುವ ರೋಹನ್ ಎಂಬುವನ ಜೊತೆ ತುಂಬ ಹೊತ್ತು ಮಾತಾಡಿದ. ಹೊರಗೆ ಬಂದಾಗ ವಿಡಿಯೋದಲ್ಲಿ ಕಾಣುವ ಪ್ರಮೋದನಾಗಿದ್ದ.

"ಅಣ್ಣಾ, ಕೂತ್ಕೊಳ್ಳಿ. ಕಂಪನಿಯವರು ನಿಮ್ಮ ಗಾಡಿ ಪೂರಾ ರಿಪೇರಿ ಮಾಡಿಕೊಡ್ತಾರೆ. ಹೊಸದರ ಹಾಗೆ. ಲಾಸ್ಟ್ ಎಪಿಸೋಡಲ್ಲಿ ನೀವೇ ಹೀರೋ. ನೀವು, ಗೌರಕ್ಕ, ನಿಮ್ಮ ಗಾಡಿ. ನೀರಿಂದ ಎದ್ದು ಬಂದ ಗಾಡಿ, ಎದ್ದು ಬಂದ ಮನುಷ್ಯ. ಆಮೇಲೆ ನಾನೇ ನಿಮ್ಮನ್ನ ಲಡಾಖ್ ಟ್ರಿಪ್‌ಗೆ ಕರ್ಕೊಂಡು ಹೋಗ್ತೀನಿ."

ನಿಂಗಪ್ಪನ ದನಿ ಇಳಿಯಿತು. "ನಾನು? ವಿಡಿಯೋದಾಗ?"

"ನೀವೇ ಅಣ್ಣ. ನೀವು ಹೇಳಬೇಕಾದ್ದು ಇಷ್ಟೇ. ನೀರಿನ ಅಂದಾಜು ನನಗೆ ಸಿಗಲಿಲ್ಲ, ಗಾಡೀದು ಏನೂ ತಪ್ಪಿಲ್ಲ ಅಂತ."

"ಹಗ್ಗದ ಮಾತು?" ಅಂದೆ ನಾನು.

"ಅಕ್ಕಾ, ನಿನ್ನ ಕೆಲಸ ಮುಗೀತು. ಒಳಗೆ ಹೋಗು."

ನನ್ನ ಮನೆಯಲ್ಲಿ, ನಾನು ಸಾಕಿ ಬೆಳೆಸಿದ ಹುಡುಗ, ಹೊರಗಿನವರ ಮುಂದೆ ನನಗೆ ಒಳಗೆ ಹೋಗು ಅಂದ. ನಾನು ನಿಂಗಪ್ಪನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. "ಬಿಡ್ರಿ ಮೇಡಂ. ಆಗಿದ್ದ್ ಆತು," ಅಂದರು. ಗೌರವ್ವ ಚಹಾ ಮುಟ್ಟದೆ ಎದ್ದು ಮೆಟ್ಟಿಲಿಳಿದು ಹೋದರು.

ನಿಂಗಪ್ಪನ ಬೆನ್ನ ಹಿಂದೆ ಕೆಳಗಿನವರೆಗೂ ಹೋದೆ. "ಬಾಯಿಗೆ ಬಂದ ಹಾಗೆ ಬೈದಿರಿ. ಈಗ ಅದೇ ಸುಳ್ಳು ನೀವು ಹೇಳ್ತೀರಾ?"

ಅವರು ನಿಂತರು. "ಮೇಡಂ, ಈ ಊರಾಗ ಎಷ್ಟ್ ಬಿಲ್ಡಿಂಗಿಗೆ ಸ್ಲ್ಯಾಬ್ ಹಾಕೇನಿ, ಲೆಕ್ಕಿಲ್ಲ. ಒಂದರಾಗೂ ಕುಂತ್ ಚಾ ಕುಡದಿಲ್ಲ. ಎಲ್ಲಿ ಹೋದ್ರೂ ಉಸುಕಿನ ಲಾರಿ ಮ್ಯಾಲೆ ಕುಂತ್ ಹೋಗೇನಿ. ಒಮ್ಮೆ ನಂದೇ ಗಾಡ್ಯಾಗ ಹಿಮಾಲಯ ನೋಡಬೇಕು ಅಂತ ಇತ್ತು. ಖರೆ ಮಾತಿನ ಮ್ಯಾಲೆ ಕುಂತ್ ಹಿಮಾಲಯಕ್ಕ ಹೋಗಾಕ್ ಬರಂಗಿಲ್ರಿ. ಗಾಡಿ ಬೇಕು."

ಅಷ್ಟು ಹೇಳಿ ಅವರು ಹೊರಟುಹೋದರು. ಸಿಟ್ಟು ಮಾತ್ರ ಹಾಗೇ ಉಳಿಯಿತು. ಯಾರ ಮೇಲೆ ಹಾಕಬೇಕೋ ಗೊತ್ತಾಗದೆ ಇಡೀ ಆಗಸ್ಟ್ ಅದನ್ನು ಹೊತ್ತುಕೊಂಡು ತಿರುಗಿದೆ. ವಿಮಾ ಕಂಪನಿ ಎಂಜಿನ್ನಿನ ಖರ್ಚು ಕೊಡುವುದಿಲ್ಲ ಎಂದಿತು. ನೀರು ಹೊಕ್ಕ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿ ಕೆಡಿಸಿಕೊಂಡರೆ ವಿಮೆ ಸಿಗುವುದಿಲ್ಲ; ಬೇರೆ ಸರ್ವೇಯರ್ ಬರೆದದ್ದು ಸರಿಯಾಗಿಯೇ ಇತ್ತು. ನಿಂಗಪ್ಪನಿಗೆ ಈಗ ಗಾಡಿ ಬೇಕೆಂದರೆ ಗಾಡಿ ಕಂಪನಿಯ ದಾರಿ ಒಂದೇ.

ಗಣಪತಿ ಮುಳುಗಿಸಿದ ಮೇಲೆ ಕೊನೆಯ ಕಂತು ತೆಗೆಯುವುದು ಎಂದಾಯಿತು. ಆದರೆ ಗೌರವ್ವ ಆ ಗಾಡಿ ಹತ್ತಲು ಒಪ್ಪಲಿಲ್ಲ. ಮಾತು ಬಿಟ್ಟು ವಾರಗಳಾದ ಮೇಲೆ ಪ್ರಮೋದ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ.

"ಆಕೆಗೆ ನೀನು ಸ್ವಲ್ಪ ಹೇಳು. ಹೆಂಗಸರು ಹೆಂಗಸರ ಮಾತು ಕೇಳ್ತಾರೆ."

"ಹೇಳಲ್ಲ."

"ಒಂದು ಸಲ, ಅಕ್ಕ. ನನ್ನ ಪೂರಾ ಸೀರೀಸ್ ನಿಂತುಹೋಗತ್ತೆ."

"ನಿಲ್ಲಲಿ. ಜೆಸಿಬಿ ಕರೆಸು, ಎಳೆಯತ್ತೆ."

ಬಾಗಿಲು ಬಡಿದು ಹೋದ. ಅವನಿಗಾಗಿ ಅಲ್ಲ, ಆ ಹೆಂಗಸು ಯಾಕೆ ಒಂದು ಮಾತೂ ಆಡಲಿಲ್ಲ ಎಂದು ತಿಳಿಯಬೇಕಿತ್ತು ನನಗೆ. ಮಾರನೆಯ ದಿನ ಪಾರ್ಕ್‌ಸೈಟ್ ಗುಡ್ಡ ಹತ್ತಿದೆ. ಗೌರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಮಣೆ ಕೊಟ್ಟು ಕೂರಿಸಿದರು, ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ.

"ಗಾಡಿ ಹತ್ತ್ ಅಂತ ಹೇಳಾಕ್ ಬಂದೀರೇನು?"

"ಇಲ್ಲ. ಅವತ್ತು ಏನಾಯ್ತು ಅಂತ ಕೇಳೋಕೆ ಬಂದೆ."

ಕೈ ನಿಂತಿತು. "ಗಾಡಿಗೆ ಏನಾತು ಅಂತ ಎಲ್ಲಾರೂ ಕೇಳ್ತಾರ. ನನಗ ಇದನ್ನ ಕೇಳಿದವರು ನೀವ ಮೊದಲು." ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಹೇಳಿದರು. "ಸಬ್‌ವೇ ಬಾಯಿಗೆ ಬಂದಾಗ ಹಿಂದ ತಗೋ ಅಂದೆ. ತಗೀಲಿಲ್ಲ. ನೀರು ಕಾಲಾಗ ಬಂತು, ಮೊಣಕಾಲಿಗೆ ಬಂತು, ತೊಡಿ ಮ್ಯಾಲೆ ಬಂತು. ಬಾಗಲಾ ದಬ್ಬಿದ್ರ ಬರವಲ್ದು. ನಾ ಅವನ ಹೆಸರ ಹಿಡದ್ ಒದರಿದೆ. ಲಗ್ನಾಗಿ ಇಷ್ಟ್ ವರ್ಷದಾಗ ಅವನ ಹೆಸರ ಹಿಡದ್ ಕರದಾಕಿ ಅಲ್ಲರಿ ನಾ. ಅವ ನನ್ನ ಕಡೆ ತಿರುಗಿ ನೋಡಲಿಲ್ಲ. ಸ್ಟೇರಿಂಗ್ ಗಟ್ಟಿ ಹಿಡಕೊಂಡು, ಕಾಲ್ ಎತ್ತಬಾರದು, ಕಾಲ್ ಎತ್ತಬಾರದು ಅನಕೋತ ಕುಂತಿದ್ದ. ನಾ ಸಾಯಾಕತ್ತಿದ್ದೆ, ಅವ ನಿಮ್ಮ ತಮ್ಮನ ಮಾತ್ ಕೇಳಾಕತ್ತಿದ್ದ."

"ಇದನ್ನ ಅವರಿಗೆ ಹೇಳಿದ್ದೀರಾ?"

"ಅವ ಕೇಳಿಲ್ಲ."

ಹೊರಡುವಾಗ ಗೌರವ್ವ ಕೈ ತೊಳೆದುಕೊಂಡು ಬಾಗಿಲವರೆಗೆ ಬಂದರು. "ಆ ದಿನ ನೀವೂ ಬರ್ರಿ. ನಾ ಬರ್ತೀನಿ. ಗಾಡಿ ಹತ್ತೂದಿಲ್ಲ, ಮುಂದ ನಿಂದರ್ತೀನಿ. ಕೇಳಿದ್ದಕ್ಕ ಹೇಳ್ತೀನಿ."

ಸೆಪ್ಟೆಂಬರಿನ ಆ ಬೆಳಿಗ್ಗೆ ಮೋಡ ಒಡೆದು ಬಿಸಿಲು ಬಿದ್ದಿತ್ತು. ಪವಾಯಿ ಕೆರೆಯ ಹಿಂದಿನ ಒಂದು ಖಾಲಿ ಮೈದಾನದಲ್ಲಿ ರಿಪೇರಿಯಾದ ಟ್ರಕ್ಕನ್ನು ಉಜ್ಜಿ ತೊಳೆದು ನಿಲ್ಲಿಸಿದ್ದರು. ಸ್ಟೇರಿಂಗ್ ಹಿಂದೆ ನಿಂಗಪ್ಪ, ಹೊಸ ಟೋಪಿ, ಹೊಸ ಜಾಕೀಟು. ತಮಗೆ ಕೊಟ್ಟ ಮಾತನ್ನು ಅವರು ಆಗಲೇ ಹೇಳಿ ಮುಗಿಸಿದ್ದರು: ತಪ್ಪು ನಂದು, ಗಾಡಿದೇನೂ ಇಲ್ಲ. ಗೌರವ್ವನನ್ನು ಬಾನೆಟ್ಟಿನ ಪಕ್ಕ ನಿಲ್ಲಿಸಿದರು. ಪ್ರಮೋದ ಮೈಕು ಸಿಕ್ಕಿಸಿ, ಜೋಕು ಮಾಡಿ, ಆಕೆಯನ್ನು ಒಂದು ಸಲ ನಗಿಸಿದ. ಕ್ಯಾಮೆರಾ ಶುರುವಾಯಿತು.

"ಗೌರಕ್ಕ, ಅವತ್ತು ಹೆದರಿಕೆ ಆಯ್ತಾ?" ಎಂದ, ನಗು ಮುಖದಲ್ಲೇ.

ಗೌರವ್ವ ಹೇಳಿದರು. ನನಗೆ ಹೇಳಿದ್ದನ್ನೇ, ಅದೇ ದನಿಯಲ್ಲಿ, ಏರಿಸದೆ ಇಳಿಸದೆ. ಹೆಸರು ಹಿಡಿದು ಒದರಿದ್ದು, ಗಂಡ ತಿರುಗಿ ನೋಡದ್ದು, ಏನು ಹೇಳಿಕೊಳ್ಳುತ್ತ ಕೂತಿದ್ದ ಎಂಬುದು, ಎಲ್ಲ. ಹೇಳುವಾಗ ನೋಡುತ್ತಿದ್ದದ್ದು ಪ್ರಮೋದನನ್ನೇ. ಅವನ ನಗು ಮುಖದ ಮೇಲೆ ಹಾಗೇ ಉಳಿದು, ಬೇರೆ ಯಾರದೋ ನಗುವಿನ ಹಾಗೆ ಕಾಣತೊಡಗಿತು.

ರೋಹನ್‌ಗೆ ಕನ್ನಡ ಬರುತ್ತಿರಲಿಲ್ಲ. "ಬಹುತ್ ಬಢಿಯಾ! ಎಮೋಷನ್ ಅಚ್ಛಾ ಹೈ," ಎಂದು ಚಪ್ಪಾಳೆ ತಟ್ಟಿದ. "ಏಕ್ ಬಾರ್ ಔರ್, ಥೋಡಾ ಸ್ಮೈಲ್ ಕೇ ಸಾಥ್."

ಇನ್ನೊಮ್ಮೆ, ಸ್ವಲ್ಪ ನಗುತ್ತಾ ಹೇಳಬೇಕಂತೆ. ನಿಂಗಪ್ಪ ಬಾಗಿಲು ತೆಗೆದು ಕೆಳಗಿಳಿದರು.

"ನನ್ನ ಹೆಸರ ಹಿಡದಿ?"

"ಹಿಡದೆ."

"ನನಗ ಕೇಳಲಿಲ್ಲ."

"ಅದನ್ನ ಹೇಳಾಕತ್ತೇನಿ."

ನಿಂಗಪ್ಪ ಟೋಪಿ ತೆಗೆದು ಬಾನೆಟ್ಟಿನ ಮೇಲಿಟ್ಟರು, ಜಾಕೀಟನ್ನೂ ಬಿಚ್ಚಿ ಇಟ್ಟರು. ಗೌರವ್ವ ಆಗಲೇ ರಸ್ತೆಯ ಕಡೆ ನಡೆಯುತ್ತಿದ್ದರು. ಇವರು ಹಿಂದೆಯೇ ಹೋದರು, ಸ್ವಲ್ಪ ದೂರ ಬಿಟ್ಟು. ರೋಹನ್ ಹಿಂದಿಯಲ್ಲಿ ಕೂಗುತ್ತಲೇ ಇದ್ದ.

ಪ್ರಮೋದ ನೇರ ನನ್ನ ಹತ್ತಿರ ಬಂದ. "ನೀನೇ ಹೇಳಿಕೊಟ್ಟೆ."

"ನಾನು ಕೇಳಿದೆ. ಅವರು ಹೇಳಿದರು. ಇವತ್ತು ನೀನು ಕೇಳಿದೆ, ನಿನಗೂ ಹೇಳಿದರು."

"ನಾನು ಮುಂದೆ ಬರೋದು ನಿನಗೆ ಬೇಕಿಲ್ಲ. ಯಾವತ್ತೂ ಬೇಕಿರಲಿಲ್ಲ. ಆ ಮನೇಲಿ ಕೂತು ನಿನ್ನ ಹಾಗೆ ಕೊಳೀಬೇಕು ನಾನು, ಅಲ್ವಾ?"

"ಆಕೆ ಸಾಯೋದ್ರಲ್ಲಿದ್ದಳು ಪ್ರಮೋದ. ನಿನ್ನ ಮಾತಿಂದ."

"ಸತ್ತಿಲ್ಲವಲ್ಲ!"

ಅದು ಅವನ ಬಾಯಿಂದ ಬಂತು. ಬಂದ ಮೇಲೆ ಅವನಿಗೂ ಕೇಳಿಸಿತು ಅನ್ನಿಸುತ್ತದೆ, ಮುಖ ತಿರುಗಿಸಿದ. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದಸರೆಗೆ ಮೊದಲೇ ಗೋರೆಗಾಂವ್‌ನಲ್ಲಿ ಮನೆ ಹಿಡಿದು ಹೋದ. ಹೋಗುವಾಗ ನಾನು ಕೆಲಸದ ಮೇಲಿದ್ದೆ. ಸಂಜೆ ಬಂದು ನೋಡಿದರೆ ಅವನ ಕೋಣೆಯಲ್ಲಿ ಗೋಡೆಯ ಮೊಳೆಗಳು ಮಾತ್ರ ಇದ್ದವು.

ಕೊನೆಯ ಕಂತು ಬಂದೇ ಬಂತು. ನಿಂಗಪ್ಪ ಗಾಡಿಯನ್ನು ಹೊಗಳುತ್ತಾರೆ. ಗೌರವ್ವ ಬಾನೆಟ್ಟಿನ ಪಕ್ಕ ನಿಂತು ಸೆರಗು ಸರಿಮಾಡಿಕೊಂಡು ನಗುತ್ತಾರೆ. ಅದು ಪ್ರಮೋದನ ಜೋಕಿಗೆ ನಕ್ಕ ನಗು. ಆಕೆಯ ಮಾತು ಇರಬೇಕಾದ ಜಾಗದಲ್ಲಿ ಕೊಳಲಿನ ಸಂಗೀತ ಹಾಕಿದ್ದರು. ಕೆಳಗೆ ಜನ ಬರೆದಿದ್ದರು, ಎಂಥ ಗಟ್ಟಿ ಜೋಡಿ, ಎಂಥ ಗಾಡಿ. ಈಗ ಪ್ರಮೋದ ಬೇರೊಂದು ಕಂಪನಿಯ ಗಾಡಿಯಲ್ಲಿ ತಿರುಗುತ್ತಾನೆ. ಯುಗಾದಿಗೆ, ದೀಪಾವಳಿಗೆ ಫೋನು ಮಾಡುತ್ತಾನೆ. ಊಟ ಆಯ್ತಾ, ಮಳೆ ಇದೆಯಾ ಎನ್ನುತ್ತೇವೆ. ನಾನು ಕ್ಷಮಿಸಿಲ್ಲ. ಅವನು ಕೇಳಿಯೂ ಇಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ ನಿಂಗಪ್ಪ ಫೋನು ಮಾಡಿದ್ದರು. "ಗಾಡಿ ಮಾರಾಕತ್ತೇನ್ರಿ. ಘಾಟ್‌ಕೋಪರದಾಗ ಒಬ್ಬ ದಲಾಲಿ ಅದಾನ. ನೀವೊಮ್ಮೆ ಬಂದ್ ನಿಂದರ್ರಿ, ನನಗ ಧೈರ್ಯ."

ಹೋದೆ. ಹಳೆ ಗಾಡಿಗಳ ಅಂಗಡಿಯ ಮುಂದೆ ಟ್ರಕ್ಕು ಮಿಂಚುತ್ತಿತ್ತು. ಗೌರವ್ವ ದೂರದ ಮರದ ನೆರಳಲ್ಲಿದ್ದರು. ನೀರಿನ ಸುದ್ದಿ ಎತ್ತಬಾರದು, ರಿಪೇರಿ ಕಂಪನಿಯಲ್ಲೇ ಆಗಿದೆ, ಯಾರಿಗೂ ಗೊತ್ತಾಗಲ್ಲ ಎಂದು ದಲಾಲಿ ನಿಂಗಪ್ಪನಿಗೆ ಹೇಳಿಟ್ಟಿದ್ದ. ಇಂಥ ಗಾಡಿಗಳು ಹೀಗೇ ಕೈ ಬದಲಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೊಳ್ಳಲು ಬಂದವನು ಮದುವೆಯಾಗಿ ಹೆಚ್ಚು ದಿನವಾಗಿರದ ಹುಡುಗ, ಜೊತೆಗೆ ಹೆಂಡತಿ. ಅವನು ನಿಂಗಪ್ಪನನ್ನು ನೋಡಿದ್ದೇ ಹಿಗ್ಗಿದ.

"ಅರೇ ಅಂಕಲ್, ಆಪ್ ವೋ ವೀಡಿಯೋವಾಲೇ ಹೈ ನಾ! ಯೇ ವಹೀ ಗಾಡಿ ಹೈ?" ಹೆಂಡತಿಗೆ ತೋರಿಸಿದ. "ಅಂಕಲ್, ಪಾನೀ ಮೇ ಸಚ್‌ಮುಚ್ ಚಲ್ತೀ ಹೈ?" ನೀರಲ್ಲಿ ನಿಜಕ್ಕೂ ಓಡುತ್ತದೆಯೇ ಎಂದು ಕೇಳುತ್ತಿದ್ದ.

ದಲಾಲಿ ಬಾಯಿ ತೆಗೆಯುವ ಮೊದಲೇ ನಿಂಗಪ್ಪ ತಮ್ಮ ಹಿಂದಿಯಲ್ಲಿ ಹೇಳಿದರು, "ನಹೀ ಚಲ್ತೀ ಬೇಟಾ. ಪಾನೀ ಮೇ ಬಂದ್ ಪಡ್ ಗಯೀ. ಅಂದರ್ ಮೇರೀ ಔರತ್ ಥೀ, ಡೂಬ್ ರಹೀ ಥೀ. ವೀಡಿಯೋ ಮೇ ಮೈ ಝೂಟ್ ಬೋಲಾ."

ಗಾಡಿ ನೀರಲ್ಲಿ ನಿಂತದ್ದು, ಒಳಗೆ ಹೆಂಡತಿ ಮುಳುಗುತ್ತಿದ್ದದ್ದು, ವಿಡಿಯೋದಲ್ಲಿ ತಾವು ಹೇಳಿದ್ದು ಸುಳ್ಳೆಂಬುದು, ಎಲ್ಲ ಹೇಳಿಬಿಟ್ಟರು. ಹುಡುಗ ನಗಲೋ ಬೇಡವೋ ಎಂದು ನೋಡಿದ. ಅವನ ಹೆಂಡತಿ ಅವನ ತೋಳು ಹಿಡಿದು ಎಳೆದಳು. ಅವರು ಹೋದ ಮೇಲೆ ದಲಾಲಿ ಮರಾಠಿಯಲ್ಲಿ ಬೈದು, ಈ ಗಾಡಿ ನನ್ನ ಅಂಗಡಿ ಮುಂದೆ ಒಂದು ಗಳಿಗೆಯೂ ನಿಲ್ಲಕೂಡದು ಎಂದು ಒಳಗೆ ಹೋದ.

ನಿಂಗಪ್ಪ ಕೀಲಿ ಕೈಯಲ್ಲಿ ಹಿಡಿದು ಮರದ ಹತ್ತಿರ ಬಂದರು. ಗೌರವ್ವನಿಗೆ ಎಲ್ಲ ಕೇಳಿಸಿತ್ತು.

"ಹೋತು. ಇದನ್ನ ಇನ್ನ ಯಾರೂ ತಗೊಳಂಗಿಲ್ಲ," ಅಂದರು. "ಏನ್ ಮಾಡ್ಲಿ ಈಗ?"

ಗೌರವ್ವ ಟ್ರಕ್ಕನ್ನು ಹಿಂದಿನಿಂದ ಮುಂದಿನವರೆಗೆ ಒಮ್ಮೆ ನೋಡಿದರು.

"ಹಲಗಿ ಹೇರು," ಅಂದರು. "ನಾಳೆ ಭಾಂಡುಪ್‌ದಾಗ ಸ್ಲ್ಯಾಬ್ ಅದ ಅಂದಿದ್ದಿಯಲ್ಲ."

ಅವರು ತಲೆ ಆಡಿಸಿ ಒಬ್ಬರೇ ಗಾಡಿ ಹತ್ತಿದರು. ಗೌರವ್ವ ಮತ್ತು ನಾನು ಸ್ಟೇಷನ್ನಿನ ಕಡೆ ನಡೆದೆವು.